ಕಾಲುವೆಯ ದೋಣಿಯಲ್ಲಿ ನೀರು ತುಂಬುವ ಹಬ್ಬ

ಟಿಕ್, ಟಿಕ್, ಟಿಕ್, ಟಿಕ್. ಆಮೇಲೆ ಭುಸ್ ಎಂದು ಒಂದು ಉಸಿರು. ಆಮೇಲೆ ಏನೂ ಇಲ್ಲ.

ಡೆಟ್ರಾಯ್ಟ್ ಎಂದರೆ ನನಗೆ ಇವತ್ತಿಗೂ ಕೇಳಿಸುವುದು ಈ ಸದ್ದು. ಕಾರುಗಳ ಊರು ಎಂದು ಓದಿಕೊಂಡು ಹೋದವಳು ನಾನು. ಒಂದು ಕಾರಿನ ಸದ್ದೂ ನೆನಪಿನಲ್ಲಿ ಉಳಿದಿಲ್ಲ. ಉಳಿದಿರುವುದು ಕಿರಿದಾದ ಒಂದು ಉಕ್ಕಿನ ದೋಣಿಯೊಳಗೆ, ಗೋಡೆಗೆ ತೂಗುಹಾಕಿದ್ದ ಗ್ಯಾಸ್ ವಾಟರ್ ಹೀಟರ್ ಹೊತ್ತಿಕೊಂಡು, ಒಂದಿಷ್ಟು ಹೊತ್ತು ಉರಿದು, ಸುಮ್ಮನಾಗಿಬಿಡುವ ಸದ್ದು. ಅದರ ಬೆನ್ನಿಗೇ ಬಚ್ಚಲಿನಿಂದ ನನ್ನ ಗೆಳತಿ ಸುಮಿತ್ರಾಳ ಕೂಗು: "ಹೋಯ್ತು ಕಣೇ ಪದ್ಮಾ, ಮತ್ತೆ ಹೋಯ್ತು!"

ಡೌನರ್ಸ್ ಗ್ರೋವ್

ನಾನು ಅಮೆರಿಕಕ್ಕೆ ಹೋದದ್ದು ತಂಗಿಯ ಮಗಳು ಅನಘಾಳ ಮನೆಗೆ, ಚಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ಗೆ. ಮೊದಲ ಬೆಳಿಗ್ಗೆ ಸ್ನಾನ ಮುಗಿಸಿ ಹೊರಗೆ ಬಂದವಳು ಗೋಡೆ ತಡಕುತ್ತಾ ನಿಂತಿದ್ದೆ. ಅನಘಾ ಕಾಫಿ ಕಪ್ ಹಿಡಿದುಕೊಂಡು ಬಂದಳು.

"ಏನು ಹುಡುಕ್ತಿದೀರಿ ದೊಡ್ಡಮ್ಮಾ?"

"ಗೀಸರ್ ಸ್ವಿಚ್ಚು. ಆಫ್ ಮಾಡ್ಬೇಡ್ವೇನೇ?"

ಅವಳು ಕಾಫಿ ಚೆಲ್ಲುವಷ್ಟು ನಕ್ಕಳು. "ಇಲ್ಲಿ ಯಾರೂ ಆಫ್ ಮಾಡೋಲ್ಲ. ಅದು ಬೇಸ್‌ಮೆಂಟ್‌ನಲ್ಲಿ ಯಾವಾಗ್ಲೂ ಆನ್ ಇರುತ್ತೆ."

ನನಗೆ ಸಮಾಧಾನವಾಗಲಿಲ್ಲ. ಮೈಸೂರಿನಲ್ಲಿ ಊರಿಗೆ ಹೊರಟು ಆಟೋ ಹತ್ತಿದ ಮೇಲೂ "ಗೀಸರ್ ಆಫ್ ಮಾಡಿದೆನೋ ಇಲ್ಲವೋ" ಎಂದು ಇಳಿದು ಬಂದು ಬೀಗ ತೆಗೆದು ನೋಡುವ ಜಾತಿಯವಳು ನಾನು. ಮಧ್ಯಾಹ್ನ ಯಾರೂ ಇಲ್ಲದಾಗ ಬೇಸ್‌ಮೆಂಟ್‌ಗೆ ಇಳಿದು ನೋಡಿದೆ. ಕ್ರಿಸ್‌ಮಸ್ ಅಲಂಕಾರದ ಪೆಟ್ಟಿಗೆಗಳ ಹಿಂದೆ, ಕತ್ತಲಲ್ಲಿ, ಎತ್ತರದ ಒಂದು ಡ್ರಮ್ಮು ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ ನಿಂತಿತ್ತು. ಮನೆಮಂದಿಯೆಲ್ಲ ದಿನಾ ಅದರ ಬಿಸಿನೀರು ಸುರಿದುಕೊಳ್ಳುತ್ತಾರೆ, ಒಬ್ಬರೂ ಅದರ ಮುಖ ನೋಡಿಲ್ಲ. ನನ್ನ ತಾಯಿಯ ಮನೆಯಲ್ಲಿ ತಾಮ್ರದ ಹಂಡೆಗೆ ಬಚ್ಚಲಲ್ಲಿ ರಾಜಮರ್ಯಾದೆ ಇತ್ತು. ದೀಪಾವಳಿಯ ಹಿಂದಿನ ಸಂಜೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಬಳ್ಳಿ ಸುತ್ತಿ, ಗಂಟೆ ಬಾರಿಸಿ ನೀರು ತುಂಬುತ್ತಿದ್ದೆವು. ನೀರು ಕಾಯಿಸುವ ಪಾತ್ರೆಗೇ ಒಂದು ಹಬ್ಬ. ನಾನು ಆ ಡ್ರಮ್ಮಿಗೆ ಒಂದು ಥ್ಯಾಂಕ್ಯೂ ಹೇಳಿ ಮೇಲೆ ಬಂದೆ. ಕಾನ್ವೆಂಟಿನಲ್ಲಿ ಕಲಿತ ಮ್ಯಾನರ್ಸ್, ಏನು ಮಾಡುವುದು.

ಅರೋರಾ, ದೇವಸ್ಥಾನದ ಕಾರ್ ಪಾರ್ಕ್

ಸುಮಿಯ ಫೋನ್ ಬಂದದ್ದು ಅರೋರಾದ ಬಾಲಾಜಿ ದೇವಸ್ಥಾನದಲ್ಲಿ. ದರ್ಶನ ಮುಗಿಸಿ ಹೊರಗೆ ಬಂದು, ಗಾಳಿಗೆ ಸೆರಗು ಮುಖಕ್ಕೆ ಹೊಡೆಯುತ್ತಿರಲು, ಇಷ್ಟೊಂದು ಬಿಳಿ ಕಾರುಗಳಲ್ಲಿ ಅನಘಾಳದು ಯಾವುದು ಎಂದು ಹುಡುಕುತ್ತಿದ್ದೆ.

"ಪದ್ಮಾ, ಯಾವಾಗ ಬರ್ತೀಯಾ? ನನ್ನ ಹೀಟರ್ ಕೆಟ್ಟಿದೆ ಕಣೇ."

"ಹೀಟರ್ ಕೆಟ್ರೆ ನನ್ನನ್ಯಾಕೆ ಕರೀತೀಯೇ? ನಾನೇನು ಪ್ಲಂಬರಾ?"

"ಪ್ಲಂಬರ್ ಇದಾಳೆ. ಸಾಕ್ಷಿ ಬೇಕು ನಂಗೆ."

ಸುಮಿತ್ರಾ ಯಾರೆಂದು ಹೇಳಬೇಕು. ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಮಂಚದವಳು. ಮದುವೆಯಾಗಿ ಮಿಶಿಗನ್‌ಗೆ ಹೋದಳು. ಗಂಡ ಶ್ರೀಧರ್ ಪ್ಲಿಮತ್‌ನಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಇಂಜಿನಿಯರ್. ಕಂಪನಿ ಅವರನ್ನು ಒಮ್ಮೆ ಇಂಗ್ಲೆಂಡಿಗೆ ಕಳಿಸಿದಾಗ ಅಲ್ಲಿನ ಕಾಲುವೆಗಳಲ್ಲಿ ಓಡಾಡುವ ಉದ್ದನೆಯ, ಕಿರಿದಾದ ಮನೆದೋಣಿಗಳನ್ನು ಕಂಡು ಮನಸೋತು ಬಂದರು. ರಿಟೈರ್ ಆದ ಮೇಲೆ ಅಂಥದ್ದೇ ಒಂದನ್ನು ಡೆಟ್ರಾಯ್ಟ್‌ನ ಬೋಟ್‌ಯಾರ್ಡಿನಲ್ಲಿ ಕಟ್ಟಿಸಿ, ಅದಕ್ಕೆ 'ಕಪಿಲಾ' ಎಂದು ಹೆಸರಿಟ್ಟರು. ಸುಮಿಯದು ಕಪಿಲಾ ನದಿಯ ದಡದ ನಂಜನಗೂಡು. ಶ್ರೀಧರ್ ಎರಡು ಬೇಸಿಗೆ ಅದರಲ್ಲಿ ಕಳೆದು ತೀರಿಕೊಂಡರು. ಸುಮಿ ಮನೆ ಮಾರಿ ದೋಣಿಗೇ ಹೋಗಿ ಕೂತಳು.

ಮಗಳು ನಂದಿತಾಗೆ ಇದು ಮೊದಲಿನಿಂದಲೂ ಒಪ್ಪಿಗೆಯಿರಲಿಲ್ಲ. ಈಗ ಹೀಟರ್ ಕೈಕೊಟ್ಟಿದ್ದೇ ಅವಳಿಗೆ ಸಿಕ್ಕಿದ ಕಾರಣ. ಹೀಟರ್ ಸರಿಹೋಗಿ ದೋಣಿ ಸೇಫ್ ಎಂದು ಗೊತ್ತಾಗದಿದ್ದರೆ, ನೀರು ಹೆಪ್ಪುಗಟ್ಟುವ ಮೊದಲು ಅಮ್ಮ ಪ್ಲಿಮತ್‌ನ ತನ್ನ ಮನೆಗೆ ಬಂದು ಬೇಸ್‌ಮೆಂಟಿನ ಕೋಣೆಯಲ್ಲಿರಬೇಕು, 'ಕಪಿಲಾ' ಮಾರಾಟಕ್ಕೆ.

"ನಾನು ಸರಿಯಾಗಿದೆ ಅಂದ್ರೆ ನಂಬೋಲ್ಲ. ಪದ್ಮಾ ಆಂಟಿ ಹೇಳಿದ್ರೆ ನಂಬ್ತಾಳೆ," ಎಂದಳು ಸುಮಿ. ಆಮೇಲೆ ದನಿ ತಗ್ಗಿಸಿ, "ನನಗೆ ಇನ್ನೊಬ್ಬರ ಬೇಸ್‌ಮೆಂಟ್‌ನಲ್ಲಿ ಸಾಯಕ್ಕೆ ಇಷ್ಟ ಇಲ್ಲ ಕಣೇ."

ನನಗೆ ಕತ್ತಲಲ್ಲಿ ನಿಂತಿದ್ದ ಆ ಡ್ರಮ್ಮು ನೆನಪಾಯಿತು.

ರೈಲಿನಲ್ಲಿ

ಚಿಕಾಗೋದಿಂದ ಡೆಟ್ರಾಯ್ಟ್ ಕಡೆಗೆ ರೈಲಿನಲ್ಲಿ ಹೋಗುತ್ತೇನೆ ಎಂದಾಗ ಅನಘಾಳ ಗಂಡ ನನ್ನನ್ನು ಕುದುರೆಗಾಡಿ ಕೇಳಿದವಳ ಹಾಗೆ ನೋಡಿದ. ಹಟ ಮಾಡಿ ರೈಲಿನಲ್ಲೇ ಹೋದೆ. ಪ್ರತಿಫಲವಾಗಿ ರೈಲು ಯಾವುದೋ ಜೋಳದ ಹೊಲದ ನಡುವೆ ನಿಂತುಬಿಟ್ಟಿತು. ಗೂಡ್ಸ್ ರೈಲು ಮೊದಲು ಹೋಗಬೇಕಂತೆ. ಇಲ್ಲಿ ಹಳಿ ಗೂಡ್ಸ್ ಕಂಪನಿಯವರದ್ದು, ಮನುಷ್ಯರು ಅತಿಥಿಗಳು. ನಮ್ಮಲ್ಲಾಗಿದ್ದರೆ ಅಷ್ಟರಲ್ಲಿ ಅರ್ಧ ಬೋಗಿ ಕೆಳಗಿಳಿದು ಗಾರ್ಡ್‌ನ ವಿಚಾರಣೆ ಮಾಡಿ, ಕಡಲೆಕಾಯಿ ಹಂಚಿಕೊಂಡಿರುತ್ತಿತ್ತು. ಇಲ್ಲಿ ಯಾರೂ ತಲೆ ಎತ್ತಲಿಲ್ಲ.

ಪಕ್ಕದಲ್ಲಿದ್ದ ಹೆಂಗಸು ಮಾತ್ರ ತನ್ನ ಎರಡು ಡೈವೋರ್ಸು, ಮೊಣಕಾಲಿನ ಆಪರೇಷನ್ನು, ಬೆಕ್ಕಿನ ಸಕ್ಕರೆ ಕಾಯಿಲೆ ಎಲ್ಲ ಹೇಳಿ, ನಾನು ಕೊಟ್ಟ ಚಪಾತಿ ಉಪ್ಪಿನಕಾಯಿ ತಿಂದು ಕಣ್ಣೊರೆಸಿಕೊಂಡು, "ನೈಸ್ ಟಾಕಿಂಗ್ ಟು ಯೂ" ಎಂದು ಇಳಿದುಹೋದಳು. ಹೆಸರು ಕೇಳಲಿಲ್ಲ, ಹೇಳಲಿಲ್ಲ. ನಾವು ಹೆಸರು, ಊರು, ಮಕ್ಕಳೆಷ್ಟು ಎಂದೆಲ್ಲ ಕೇಳಿ ಒಳಗಿನದೇನೂ ಬಿಟ್ಟುಕೊಡುವುದಿಲ್ಲ. ಇವರು ಒಳಗಿನದೆಲ್ಲ ಬಿಟ್ಟುಕೊಟ್ಟು ಹೆಸರು ಹೇಳುವುದಿಲ್ಲ. ಯಾವುದು ಸ್ನೇಹವೋ ನನಗೆ ತೀರ್ಮಾನಿಸಲಾಗಲಿಲ್ಲ.

ಕಾಲುವೆ

ಡೆಟ್ರಾಯ್ಟ್‌ನ ಪೂರ್ವದ ಅಂಚಿನಲ್ಲಿ ನದಿಯಿಂದ ಒಳಕ್ಕೆ ಕಾಲುವೆಗಳು ಹರಿದಿವೆ. ಮನೆಗಳ ಹಿತ್ತಿಲೇ ನೀರಿಗೆ ಇಳಿಯುತ್ತದೆ. ಕೆಲವು ಮನೆಗಳ ಕಿಟಕಿಗೆ ಹಲಗೆ ಹೊಡೆದಿದೆ, ಪಕ್ಕದಲ್ಲೇ ಯಾರೋ ಗುಲಾಬಿ ಬೆಳೆಸಿದ್ದಾರೆ. ಇಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಕೆನಡಾ. ಭೂಪಟದಲ್ಲಿ ಕೆನಡಾ ಯಾವಾಗಲೂ ಮೇಲಿರುತ್ತದೆ ಎಂದು ಕಲಿಸಿದ ನಮ್ಮ ಸಿಸ್ಟರ್ ಬೆನಡಿಕ್ಟಾ ಇದನ್ನು ನೋಡಬೇಕಿತ್ತು.

'ಕಪಿಲಾ' ಕಡುಹಸಿರು ಬಣ್ಣದ್ದು, ರೈಲ್ವೆ ಬೋಗಿಯನ್ನು ಹಿಂಡಿ ಸಣ್ಣ ಮಾಡಿದಂತೆ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಮೂತಿಯ ಮೇಲೆ ಶ್ರೀಧರ್ ಕೈಯಾರೆ ಬರೆದ ಕನ್ನಡ ಅಕ್ಷರ. ನೆರೆಯವರು ಅದನ್ನು ಬಳ್ಳಿಯ ಡಿಸೈನ್ ಎಂದುಕೊಂಡಿದ್ದಾರಂತೆ. ಒಳಗೆ ಸಾಲಾಗಿ ಅಡುಗೆಮನೆ, ಸೋಫಾ, ಬಚ್ಚಲು, ಹಾಸಿಗೆ. ಒಬ್ಬರು ಎದುರಾದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ದೇವರು ಅಡುಗೆಮನೆಯ ಮೂಲೆಯ ಶೆಲ್ಫಿನಲ್ಲಿ, ಪಕ್ಕದ ಗೋಡೆಯಲ್ಲೇ ಹೀಟರ್. ಅದರ ಮುಖದ ಮೇಲೆ ದೊಡ್ಡ ಕುಂಕುಮದ ಬೊಟ್ಟು.

"ಇದಕ್ಯಾಕೇ ಕುಂಕುಮ?"

"ಆಯುಧಪೂಜೆ ಮಾಡಿದೆ. ಇಂಜಿನ್ನಿಗೆ, ಚುಕ್ಕಾಣಿಗೆ, ಒಲೆಗೆ, ಇದಕ್ಕೆ. ಇದೇ ಅಲ್ವೇನೇ ನನ್ನ ಹಂಡೆ?" ಎಂದು ಅದರ ಮೈ ಸವರಿದಳು. "ಅದಾದ್ಮೇಲೇ ನೋಡು ಮುನಿಸಿಕೊಂಡಿರೋದು."

ನಾನು ನಕ್ಕೆ. ಅವಳೂ ನಕ್ಕಳು. ಇಬ್ಬರೂ ಬಿ.ಎಸ್ಸಿ. ಓದಿದವರು.

ಆ ಸಂಜೆ ಒಲೆಯ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ ಬಕೆಟ್ಟಿಗೆ ಸುರಿದುಕೊಂಡು ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿದೆವು. ಬೋರ್ಡಿಂಗಿನಲ್ಲೂ ಹೀಗೇ. ಒಬ್ಬೊಬ್ಬರಿಗೆ ಒಂದು ಬಕೆಟ್ ಬಿಸಿನೀರು, ಮುಗಿಯುವ ಮೊದಲೇ ಹೊರಗೆ ಸಿಸ್ಟರ್‌ರ ಗಂಟೆ. ಜ್ವರ ಬಂದು ಎದ್ದ ವಾರ ಸುಮಿ ತನ್ನ ಬಕೆಟ್ಟಿನಿಂದ ನನ್ನದಕ್ಕೆ ಚೊಂಬು ಚೊಂಬಾಗಿ ಸುರಿದು ತಾನು ತಣ್ಣೀರಲ್ಲಿ ಮಿಂದಿದ್ದಳು. ಈಗಲೂ ನನ್ನ ಬಕೆಟ್ಟಿಗೇ ಹೆಚ್ಚು ಸುರಿದಳು. "ಅತಿಥಿ ನೀನು," ಎಂದಳು. ಹೀಟರನ್ನು ಮಧ್ಯೆ ಮಧ್ಯೆ ಹೊತ್ತಿಸಿ ನೋಡುವುದನ್ನೂ ಬಿಡಲಿಲ್ಲ. ಟಿಕ್, ಟಿಕ್, ಭುಸ್.

ಬೆಳಿಗ್ಗೆ ಎದ್ದಾಗ ಇಬ್ಬರಿಗೂ ತಲೆ ಭಾರ. ವಯಸ್ಸು ಎಂದೆವು. ನದಿಯ ಚಳಿ ಎಂದೆವು. ಕಡೆಗೆ ಕಾಫಿಪುಡಿ ಹಳೆಯದು ಎಂದು ಒಪ್ಪಿಕೊಂಡು ಇನ್ನೊಂದು ಲೋಟ ಕುಡಿದೆವು.

ಕಾಲುವೆ: ಡೋರೀನ್

ಬೋಟ್‌ಯಾರ್ಡಿನ ಡೋರೀನ್ ಬಂದಾಗ ದೋಣಿ ಒಂದು ಪಕ್ಕಕ್ಕೆ ವಾಲಿತು. ಆಳು ಅಷ್ಟು ಗಟ್ಟಿ, ದನಿ ಅದಕ್ಕಿಂತ ಗಟ್ಟಿ. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅರ್ಧ ರುಚಿ ಹೋಗಿರುತ್ತದೆ.

"ಬೂಟು ಬಿಚ್ಚಿ ಬಾ ಡೋರೀನ್," ಎಂದಳು ಸುಮಿ.

"ನನ್ನ ಕಾಲು ನೋಡಿದ್ರೆ ನೀನೇ ಬೂಟು ಹಾಕ್ಕೋ ಅಂತೀಯ, ಹನಿ," ಎನ್ನುತ್ತಲೇ ಬಿಚ್ಚಿದಳು. ಒಂದು ಕಾಲುಚೀಲ ಕೆಂಪು, ಇನ್ನೊಂದು ಹಳದಿ. ನನ್ನನ್ನು ನೋಡಿ "ಹೌ ಆರ್ ಯೂ" ಎಂದಳು. ನಾನು ಹೇಗಿದ್ದೇನೆ ಎಂದು ಹೇಳಲು ಶುರುಮಾಡುವಷ್ಟರಲ್ಲಿ ಹೀಟರ್ ಮುಂದೆ ಕೂತಿದ್ದಳು.

"ನೀರು ಬಿಡು ನೋಡೋಣ."

ಸುಮಿ ಬಚ್ಚಲಿಗೆ ಹೋಗಿ, ಬಕೆಟ್ ಇಟ್ಟು, ನಲ್ಲಿಯನ್ನು ನೂಲಿನಷ್ಟು ತಿರುಗಿಸಿದಳು. ಡೋರೀನ್ ಕತ್ತು ಚಾಚಿ ನೋಡಿ ಹಣೆ ಚಚ್ಚಿಕೊಂಡಳು. "ಇದೇ ನೋಡು! ಇಷ್ಟು ಸಣ್ಣಗೆ ಬಿಟ್ರೆ ಹೀಟರ್‌ಗೆ ನೀರು ಬರ್ತಿದೆ ಅಂತಾನೇ ಗೊತ್ತಾಗಲ್ಲ. ಧಾರಾಳವಾಗಿ ಬಿಡು."

ನೀರನ್ನು ಧಾರಾಳವಾಗಿ ಬಿಡುವುದು! ಕೊಳಾಯಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಬೆಳೆದ ಕೈ ಅದು. ಸುಮಿ ಕಣ್ಣು ಮುಚ್ಚಿಕೊಂಡು ಪೂರ್ತಿ ತಿರುಗಿಸಿದಳು. ಟಿಕ್, ಟಿಕ್, ಭುಸ್, ಬೆಂಕಿ ಹತ್ತಿತು. ಮೂವರೂ ಚಪ್ಪಾಳೆ ತಟ್ಟಿದೆವು. ತಟ್ಟಿದ ಕೈ ಇಳಿಸುವ ಮೊದಲೇ ಆರಿತು.

"ಹಾಗಾದ್ರೆ ಗ್ಯಾಸ್ ರೆಗ್ಯುಲೇಟರ್," ಎಂದಳು ಡೋರೀನ್ ಗಟ್ಟಿಯಾಗಿ. ಮಾರನೇ ದಿನ ಹೊಸ ರೆಗ್ಯುಲೇಟರ್ ತಂದು ಹಾಕಿದಳು. ಹೀಟರನ್ನು "ಕಮ್ ಆನ್, ಸ್ವೀಟ್‌ಹಾರ್ಟ್" ಎಂದು ರಮಿಸಿದಳು, ಆಮೇಲೆ ನಾನು ಬರೆಯಲಾಗದ ಮಾತಿನಲ್ಲಿ ಬೈದಳು. ಅದು ಎರಡಕ್ಕೂ ಬಗ್ಗಲಿಲ್ಲ. ಸೋತ ಕೋಪಕ್ಕೆ ನಮ್ಮ ಬಿಸಿಬೇಳೆಬಾತ್ ಎರಡು ಬಾರಿ ಹಾಕಿಸಿಕೊಂಡು ತಿಂದು, ಖಾರಕ್ಕೆ ಮೂಗೊರೆಸಿಕೊಳ್ಳುತ್ತಾ ಹೋದಳು.

ಅವಳು ಹೋದ ಮೇಲೆ ನಂದಿತಾಳ ಫೋನ್. ಸುಮಿ ಸ್ಪೀಕರ್ ಹಾಕಿದಳು.

"ಅಮ್ಮಾ, ಇಸ್ ಇಟ್ ಫಿಕ್ಸ್‌ಡ್?"

"ಆಗ್ತಾ ಇದೆ ಪುಟ್ಟಾ. ನಾಳೆ."

"ಯು ಸೆಡ್ ನಾಳೆ ಯೆಸ್ಟರ್‌ಡೇ." ಆಮೇಲೆ ನನ್ನನ್ನು ಕರೆದಳು. "ಪದ್ಮಾ ಆಂಟಿ, ಆರ್ ಯು ದೇರ್? ನೀವು ನೋಡಿ ಹೇಳಿ ಪ್ಲೀಸ್. ಐ ಟ್ರಸ್ಟ್ ಯೂ."

ಸುಮಿ ನನ್ನ ಕಡೆ ನೋಡಲಿಲ್ಲ. ಒಲೆಯ ಮೇಲಿನ ನೀರನ್ನೇ ನೋಡುತ್ತಿದ್ದಳು.

ಕಾಲುವೆ: ಮುಚ್ಚಳ ತೆಗೆದದ್ದು

ಮೂರನೆಯ ಸಲ ಡೋರೀನ್ ಬಂದಾಗ ತಮಾಷೆ ಕಡಿಮೆಯಾಗಿತ್ತು. ಹೀಟರಿನ ಮುಂಭಾಗದ ತಗಡನ್ನು ಪೂರ್ತಿ ಬಿಚ್ಚಿ ಕೆಳಗಿಟ್ಟಳು. ಬ್ಯಾಟರಿ ಬೆಳಕು ಬಿಟ್ಟು ಒಳಗೆ ನೋಡಿದಳು. ಮತ್ತೆ ನೋಡಿದಳು. ಚಿಮಟದಿಂದ ಏನನ್ನೋ ಎತ್ತಿ ಅಂಗೈಮೇಲೆ ಇಟ್ಟುಕೊಂಡಳು.

"ಲೇಡೀಸ್, ಇದು ಅಕ್ಕಿ."

ಸೀದು ಕಪ್ಪಾದ ಅಕ್ಕಿಕಾಳು. ಒಂದಲ್ಲ, ಬರ್ನರಿನ ತೂತು ತೂತಿನಲ್ಲೂ. ಅದರ ಜೊತೆಗೆ ಒಣಗಿ ಸುಟ್ಟ ಚೆಂಡುಹೂವಿನ ಎಸಳುಗಳು. ಬೆಂಕಿ ಉರಿಯುತ್ತಿದೆಯೇ ಎಂದು ಕಾದು ನೋಡುವ ಪುಟ್ಟ ಕಡ್ಡಿಯೊಂದು ಅದರಲ್ಲಿ ಇರುತ್ತದಂತೆ. ಅದಕ್ಕೆ ಎಣ್ಣೆ ಕಲಸಿದ ಕುಂಕುಮ ಮೆತ್ತಿಕೊಂಡು, ಬೆಂಕಿ ಇದ್ದರೂ ಇಲ್ಲವೆಂದೇ ತಿಳಿದು ಗ್ಯಾಸ್ ನಿಲ್ಲಿಸುತ್ತಿತ್ತು.

ಸುಮಿ ಹೂವಿನ ಹಾರವನ್ನು ಹೀಟರಿನ ನೆತ್ತಿಗೆ ಕಟ್ಟಿ, ಒಳಗಿನ ಬೆಂಕಿ ಕಾಣುವ ಬಿಟ್ಟಗಣ್ಣಿನಂಥ ಕಿಂಡಿಯ ಸುತ್ತ ಕುಂಕುಮ ಹಚ್ಚಿ, ಮೇಲಿಂದ ಅಕ್ಷತೆ ಹಾಕಿದ್ದಳು. ಮೇಲೆ ಗಾಳಿಗೆಂದು ಬಿಟ್ಟ ಸೀಳುಗಳಿವೆ. ದೇವರ ಪ್ರಸಾದವೆಲ್ಲ ನೇರ ಬೆಂಕಿಯ ಬಾಯಿಗೆ.

ನನಗೆ ನಗು ತಡೆಯಲಾಗಲಿಲ್ಲ. ಸುಮಿಯೂ ಸೆರಗು ಬಾಯಿಗೆ ಒತ್ತಿಕೊಂಡಳು. ಡೋರೀನ್ ಮಾತ್ರ ನಗಲಿಲ್ಲ. ಗೋಡೆಗೆ ಮೆತ್ತಿದ್ದ ಮಸಿಯ ಮೇಲೆ ಬೆರಳೆಳೆದಳು.

"ಬೆಂಕಿ ಹಳದಿ ಉರೀತಿತ್ತು ಅಲ್ವಾ? ನೀಲಿ ಇರಬೇಕು. ಹಳದಿ ಉರಿದ್ರೆ ವಿಷಗಾಳಿ ಬರುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು ಬಂದಿತ್ತಾ?"

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

ಡೋರೀನ್ ತಲೆಯೆತ್ತಿ ಚಾವಣಿ ನೋಡಿದಳು. ಅಲ್ಲಿ ಒಂದು ದುಂಡನೆಯ ಬಿಳಿಯ ಗುರುತು, ಎರಡು ತಿರುಪು. "ಅಲಾರಂ ಎಲ್ಲಿ?"

ಸುಮಿಯ ಮುಖದಿಂದ ನಗು ಇಳಿಯಿತು. "ಪೂಜೆಗೆ ತೆಗೆದೆ."

ಅಮೆರಿಕದಲ್ಲಿ ಮಂಗಳಾರತಿ ಎತ್ತುವ ಪ್ರತಿ ಮನೆಯಲ್ಲೂ ನಡೆಯುವ ಕೆಲಸ ಇದು. ಸಾಂಬ್ರಾಣಿ ಹಾಕುವ ಮುನ್ನ ಯಾರೋ ಕುರ್ಚಿ ಹತ್ತಿ ಸ್ಮೋಕ್ ಅಲಾರಂ ಬಿಚ್ಚುತ್ತಾರೆ. ಹಿಂದೊಂದು ವರ್ಷ ಸುಮಿಯ ಕರ್ಪೂರಕ್ಕೆ ಅದು ಕಿರುಚಿಕೊಂಡು, ಅಕ್ಕಪಕ್ಕದ ದೋಣಿಯವರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿಬಂದು, ಒಬ್ಬ ನೀರಿಗೇ ಬಿದ್ದಿದ್ದನಂತೆ. ಅಂದಿನಿಂದ ಮೊದಲು ಅಲಾರಂ ಇಳಿಸಿ, ಆಮೇಲೆ ಗಣಪತಿ. ಈ ಸಲ ಇಳಿಸಿದವಳು ಮತ್ತೆ ಹಾಕಲಿಲ್ಲ. ಹೊಗೆಗೂ ವಿಷಗಾಳಿಗೂ ಅದೊಂದೇ ಅಲಾರಂ.

ಅದು ಪೂಜೆಯ ಪೆಟ್ಟಿಗೆಯಲ್ಲಿ ಸಿಕ್ಕಿತು, ಗಂಟೆ ಮತ್ತು ಕರ್ಪೂರದ ಡಬ್ಬಿಯ ಕೆಳಗೆ. ನಾನು ಬೆಳಿಗ್ಗೆ ದೀಪ ಹಚ್ಚಲು ಬತ್ತಿ ತೆಗೆಯುವಾಗಲೆಲ್ಲ ಅದನ್ನು ಕೈಯಿಂದ ಸರಿಸಿದ್ದೆ. ಏನೋ ಪ್ಲಾಸ್ಟಿಕ್ ಡಬ್ಬಿ ಎಂದುಕೊಂಡಿದ್ದೆ.

ಡೋರೀನ್ ಸೋಫಾದ ಮೇಲೆ ಕೂತುಬಿಟ್ಟಳು. "ನಿಮ್ಮ ದೇವರು ತುಂಬ ಒಳ್ಳೆಯವನಿರಬೇಕು," ಎಂದಳು ಕಡೆಗೆ. "ಇಲ್ಲಾಂದ್ರೆ ನಾವು ಹಾಕಿದ ಕಿಟಕಿಗಳು ಸರಿಯಾಗಿ ಮುಚ್ಚೋಲ್ಲ." ಎದ್ದು, ಬರ್ನರ್ ಬಿಚ್ಚಿಕೊಂಡು ಹೊರಡುವಾಗ ಬಾಗಿಲಲ್ಲಿ ನಿಂತಳು. "ನಿನ್ನ ಮಗಳು ಫೋನ್ ಮಾಡ್ತಾಳೆ ನಂಗೆ. ಹೀಟರ್ ವಿಷಯ ನಾನು ಹೇಳ್ತೀನಿ. ಅಲಾರಂ ವಿಷಯ ನೀನು ಹೇಳು."

ನಾವಿಬ್ಬರೇ ಉಳಿದಾಗ ಸುಮಿ ಬಹಳ ಹೊತ್ತು ಆ ಬಿಳಿ ಅಲಾರಮ್ಮನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಹೇಳ್ಬೇಡ ಕಣೇ. ಹೇಳಿದ್ರೆ ಮುಗೀತು. ಮರೆವು ಅಂತಾಳೆ. ಅಮ್ಮಂಗೆ ವಯಸ್ಸಾಯ್ತು ಅಂತಾಳೆ."

"ನಾನಾಗಿ ಹೇಳೋಲ್ಲ. ಕೇಳಿದ್ರೆ ಸುಳ್ಳು ಹೇಳಕ್ಕಾಗಲ್ಲ ಸುಮಿ."

"ನೀನಿನ್ನೂ ಸಿಸ್ಟರ್ ಬೆನಡಿಕ್ಟಾ ಮುಂದೇನೇ ನಿಂತಿದೀಯಾ. ಸತ್ಯ ಹೇಳಿದ್ರೆ ಹೋಲಿ ಪಿಕ್ಚರ್ ಕೊಡ್ತಾರೆ ಅಂತ."

ಚುಚ್ಚಿತು. ನಾನು ಹೊರಗೆ ಹೋಗಿ ದೋಣಿಯ ಹಿಂಬದಿಯಲ್ಲಿ ನಿಂತೆ. ನೀರಿನಾಚೆ ಒಬ್ಬ ಮುದುಕ ಮೀನಿಗೆ ಗಾಳ ಹಾಕಿ ಕೂತಿದ್ದ, ನನ್ನನ್ನು ಕಂಡು ಕೈಯೆತ್ತಿದ. ಇಲ್ಲಿ ದಡದವರು ದೋಣಿಯವರಿಗೆ ಕೈಯೆತ್ತದೆ ಇರುವುದಿಲ್ಲ. ಸುಮಿಗೆ ದಿನಕ್ಕೆ ಎಷ್ಟು ಕೈಗಳು ಏಳುತ್ತವೋ. ಪ್ಲಿಮತ್‌ನ ಬಡಾವಣೆಯಲ್ಲಿ ಯಾರು ಎತ್ತುತ್ತಾರೆ? ಕಾರುಗಳು ಗ್ಯಾರೇಜಿನಿಂದ ಹೊರಡುತ್ತವೆ, ಗ್ಯಾರೇಜಿಗೇ ಮರಳುತ್ತವೆ.

ಪ್ಲಿಮತ್

ಮರುದಿನ ಡೋರೀನ್ ಬರ್ನರನ್ನು ತೊಳೆದು ತಂದು ಕೂರಿಸಿದಳು. ಸಂಜೆ ನಂದಿತಾ ಊಟಕ್ಕೆ ಕರೆದಳು, ತಾನೇ ಬಂದು ಕರೆದುಕೊಂಡು ಹೋದಳು. ಹಿಂದಿನ ಸೀಟಿನಲ್ಲಿ ಸುಮಿ ನನ್ನ ಕೈ ಹಿಡಿದುಕೊಂಡೇ ಇದ್ದಳು. ಅವಳ ಮಡಿಲಲ್ಲಿ ಒಂದು ಬಟ್ಟೆಚೀಲ. ಅದರೊಳಗೆ ಏನೆಂದು ನಾನು ಕೇಳಲಿಲ್ಲ.

ನಂದಿತಾ ಒಳ್ಳೆಯ ಹುಡುಗಿ. ಹುಡುಗಿ ಎನ್ನುತ್ತೇನೆ, ತಲೆಯಲ್ಲಿ ಬೆಳ್ಳಿ ಇಣುಕಿದೆ. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಆಫೀಸಿನಿಂದ ಬಂದ ಬಟ್ಟೆಯಲ್ಲೇ ನಮಗೆಂದು ಸಾರು ಮಾಡಿದಳು.

"ಡೋರೀನ್ ಸೇಸ್ ದಿ ಹೀಟರ್ ಈಸ್ ಫೈನ್ ನೌ," ಎಂದಳು ಸೌಟು ತಿರುಗಿಸುತ್ತಾ. "ಅಕ್ಕಿ ಅಂತೆ. ಅಮ್ಮಾ, ರಿಯಲಿ?" ಅವಳ ತುಟಿಯಲ್ಲಿ ನಗುವಿತ್ತು. ಆಮೇಲೆ ನನ್ನ ಕಡೆ ತಿರುಗಿದಳು. "ಆಂಟಿ, ಈಸ್ ಇಟ್ ಸೇಫ್? ಎವ್ರಿಥಿಂಗ್?"

ನಾನು ಬಾಯಿ ತೆರೆಯುವ ಮೊದಲೇ ಸುಮಿ ಚೀಲದಿಂದ ಅಲಾರಂ ತೆಗೆದು ಮೇಜಿನ ಮೇಲೆ, ಸಾರಿನ ಬಟ್ಟಲ ಪಕ್ಕ ಇಟ್ಟಳು.

"ಇದು ಚಾವಣಿಯಲ್ಲಿರಲಿಲ್ಲ. ಆಯುಧಪೂಜೆಯಿಂದ. ನಾನೇ ತೆಗೆದಿಟ್ಟು ಮರೆತಿದ್ದೆ. ಹೀಟರ್ ವಿಷಗಾಳಿ ಬಿಡ್ತಿತ್ತಂತೆ."

ನಂದಿತಾಳ ಕೈಯಲ್ಲಿ ಸೌಟು ನಿಂತಿತು. ಒಗ್ಗರಣೆ ಸಿಡಿಯುತ್ತಿತ್ತು, ಯಾರೂ ಒಲೆ ಆರಿಸಲಿಲ್ಲ. ಅಡುಗೆಮನೆ ತುಂಬ ಇಂಗು, ಮೆಣಸಿನಕಾಯಿಯ ಘಾಟು. "ಯು ಕುಡ್ ಹ್ಯಾವ್..." ಎಂದಳು.

"ನಾನೊಬ್ಬಳೇ ಆಗಿದ್ದಿದ್ರೆ ಹೇಳ್ತಿರಲಿಲ್ಲ ಪುಟ್ಟಾ," ಎಂದಳು ಸುಮಿ. "ಆದ್ರೆ ಇವಳೂ ಮಲಗಿದ್ಲು ಅಲ್ಲಿ. ನಾನೇ ಕರೆಸಿದ್ದು."

ಅಷ್ಟು ಹೊಗೆಗೂ ನಂದಿತಾಳ ಮನೆಯ ಅಲಾರಂ ಕೂಗಲಿಲ್ಲ. ಸುಮಿ ತಲೆಯೆತ್ತಿದಳು, ನಾನೂ ಎತ್ತಿದೆ. ಚಾವಣಿಯ ಅಲಾರಮ್ಮಿಗೆ ನೀಲಿ ಹೂಗಳ ಶವರ್ ಕ್ಯಾಪ್ ಹಾಕಿತ್ತು.

"ಅದೇನೇ ಅದು?"

ನಂದಿತಾಳ ಮುಖ ಚಿಕ್ಕ ಹುಡುಗಿಯ ಮುಖದ ಹಾಗಾಯಿತು. "ಒಗ್ಗರಣೆಗೆ. ನೀವೇ ಹಾಕ್ತಿದ್ರಿ ಅಮ್ಮಾ, ಹಳೇ ಮನೇಲಿ."

"ತೆಗೀತಿದ್ದೆ ಆಮೇಲೆ."

"ಐ ಫರ್ಗೆಟ್ ಟೂ," ಎಂದು ನಂದಿತಾ ಕುರ್ಚಿಯ ಮೇಲೆ ಕುಸಿದು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದಂತೆ ಮುಖ ಮುಚ್ಚಿಕೊಂಡಳು. ನಾನೇ ಎದ್ದು ಒಲೆ ಆರಿಸಿದೆ. ಸುಮಿ ಕುರ್ಚಿ ಹತ್ತಲು ಹೊರಟಳು, ಇಬ್ಬರೂ ಸೇರಿ ತಡೆದೆವು. ಕ್ಯಾಪ್ ತೆಗೆದದ್ದು ನಂದಿತಾ.

ಊಟ ಮುಗಿಯುವಷ್ಟರಲ್ಲಿ ಮಾತು ಇತ್ಯರ್ಥವಾಗಿತ್ತು. ನಂದಿತಾ ದೋಣಿ ಮಾರುವ ಮಾತು ಕೈಬಿಟ್ಟಳು. ಆದರೆ ಚಳಿಗಾಲ ಮಾತ್ರ ಪ್ಲಿಮತ್‌ನಲ್ಲಿ. ದೋಣಿ ಯಾರ್ಡಿನಲ್ಲಿ ದಡ ಹತ್ತಲಿ, ಏಪ್ರಿಲ್‌ಗೆ ಮತ್ತೆ ನೀರಿಗೆ. "ಬೇಸ್‌ಮೆಂಟ್ ಅಲ್ಲ ಅಮ್ಮಾ. ಮೇಲಿನ ರೂಮು, ಕಿಟಕಿ ಇರೋದು."

"ಸರಿ," ಎಂದಳು ಸುಮಿ. ಇಷ್ಟು ಬೇಗ ಒಪ್ಪಿದ್ದು ನನಗೆ ಹಿಡಿಸಲಿಲ್ಲ. ಆಮೇಲೆ ಅನ್ನ ಕಲಸುತ್ತಾ ಸೇರಿಸಿದಳು: "ದೀಪಾವಳಿ ಎಣ್ಣೆನೀರು ಮಾತ್ರ ದೋಣಿಯಲ್ಲೇ. ನಮ್ಮ ಹಂಡೆಯಲ್ಲೇ."

ಮತ್ತೆ ಕಾಲುವೆ

ನೀರು ತುಂಬುವ ಹಬ್ಬದ ಸಂಜೆ ಅಕ್ಷರಶಃ ನೀರು ತುಂಬಿದೆವು. ದಡದ ನಲ್ಲಿಯಿಂದ ಹೋಸ್‌ಪೈಪ್ ಎಳೆದು ದೋಣಿಯ ಟ್ಯಾಂಕಿನ ಬಾಯಿಗಿಟ್ಟೆವು. ನಂದಿತಾ ಗಂಟೆ ಬಾರಿಸಿದಳು. ಚಿಕ್ಕಂದಿನಲ್ಲಿ ಅಮ್ಮ ಹೇಳುತ್ತಿದ್ದ ಹಬ್ಬ ಇದೇ ಎಂದು ಅವಳಿಗೆ ಆಗ ಗೊತ್ತಾದದ್ದು. ಕಾಲುವೆಯ ದಂಡೆಯಲ್ಲಿ ಹಬ್ಬಿದ್ದ ಕಾಡುದ್ರಾಕ್ಷಿಯ ಬಳ್ಳಿ ಕಿತ್ತು ಸ್ಟೀಲ್ ಬಕೆಟ್ಟಿನ ಕುತ್ತಿಗೆಗೆ ಸುತ್ತಿದೆವು. ಈ ಸಲ ಕುಂಕುಮ, ಹೂವು, ಅಕ್ಷತೆ ಎಲ್ಲ ಬಕೆಟ್ಟಿಗೆ. ಹೀಟರಿಗೆ ದೂರದಿಂದಲೇ ನಮಸ್ಕಾರ. ಬರ್ನರ್ ಸರಿಯಾಗಿ ಕೂತಿದೆಯೇ ಎಂದು ನೋಡಲು ಬಂದ ಡೋರೀನ್, ಸಾಲುದೀಪಕ್ಕಿಂತ ಚಾವಣಿಯ ಅಲಾರಮ್ಮನ್ನೇ ಹೆಚ್ಚು ಹೊತ್ತು ನೋಡಿದಳು.

ಬೆಳಗ್ಗೆ ಸುಮಿ ನನ್ನ ತಲೆಗೆ ಎಣ್ಣೆಯೊತ್ತಿದಳು. ಅವಳ ಕೈ ಇನ್ನೂ ಗಟ್ಟಿಯಿತ್ತು. ನಲ್ಲಿಯನ್ನು ಧಾರಾಳವಾಗಿ ತಿರುಗಿಸಿದೆವು. ಟಿಕ್, ಟಿಕ್, ಭುಸ್. ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಬೆಂಕಿ ನೀಲಿಯಾಗಿ, ಸದ್ದಿಲ್ಲದೆ, ಉರಿಯುತ್ತಲೇ ಇತ್ತು. ಕಿರಿದಾದ ಬಚ್ಚಲು ಹಬೆಯಿಂದ ತುಂಬಿ, ಹೊರಗೆ ನಿಂತ ಸುಮಿಯ ದನಿ ಮಾತ್ರ ಕೇಳುತ್ತಿತ್ತು: "ಇನ್ನೊಂದು ಚೊಂಬು ಹಾಕ್ಕೋ. ಇಲ್ಲಿ ಯಾರೂ ಗಂಟೆ ಹೊಡೆಯೋಲ್ಲ."

ಏಪ್ರಿಲ್ ಬರುವ ಮೊದಲೇ ಸುಮಿ ಹೋದಳು. ಪ್ಲಿಮತ್‌ನ ಕಿಟಕಿಯ ಕೋಣೆಯಲ್ಲಿ, ನಿದ್ದೆಯಲ್ಲಿ, ಹೃದಯ ನಿಂತು. ನಂದಿತಾ ಮೈಸೂರಿಗೆ ಫೋನ್ ಮಾಡಿದಾಗ ಬೇರೇನೂ ಹೇಳಲಾಗದೆ ಅದನ್ನೇ ಹೇಳುತ್ತಿದ್ದಳು: "ಶಿ ವಾಸ್ ವಾರ್ಮ್, ಆಂಟಿ. ಐ ಕೆಪ್ಟ್ ಹರ್ ವಾರ್ಮ್." ಹೌದಮ್ಮ, ಎಂದೆ. ಅಂದು ಅಲಾರಮ್ಮನ್ನು ಮೇಜಿನ ಮೇಲೆ ಇಡದೇ ಇದ್ದಿದ್ದರೆ ಆ ಕೊನೆಯ ಚಳಿಗಾಲವನ್ನು ಅವಳು ತನ್ನ ದೋಣಿಯಲ್ಲೇ ಕಳೆಯುತ್ತಿದ್ದಳು. ನನ್ನ ಸಲುವಾಗಿ ಇಟ್ಟಳು. ಬೋರ್ಡಿಂಗಿನ ಆ ಚೊಂಬಿನ ಹಾಗೆ ಇದನ್ನೂ ನನ್ನ ಬಕೆಟ್ಟಿಗೇ ಸುರಿದಳು. ಇದಕ್ಕೆ ನಾನು ಮಾಡಬಹುದಾದ್ದು ಏನೂ ಇಲ್ಲ.

ಎಣ್ಣೆನೀರಿನ ಆ ಮಧ್ಯಾಹ್ನವೇ ನಾನು ಹೊರಟೆ. ಮರುದಿನ ಅವಳು ಪ್ಲಿಮತ್‌ಗೆ, 'ಕಪಿಲಾ' ದಡಕ್ಕೆ. ನನ್ನ ಟ್ಯಾಕ್ಸಿ ಹಿತ್ತಿಲ ಬೇಲಿಯ ಹತ್ತಿರ ಕಾಯುತ್ತಿತ್ತು. ಸುಮಿ ದೋಣಿಯ ಹಿಂಬದಿಯಲ್ಲಿ, ಒದ್ದೆಕೂದಲಿಗೆ ಬಿಳಿಯ ತೆಳುಟವಲ್ ಸುತ್ತಿಕೊಂಡು ನಿಂತಿದ್ದಳು. ನಾನು ಕೈಬೀಸಿದೆ. ಅವಳೂ ಕೈಯೆತ್ತಿದಳು, ಎತ್ತಿದವಳು ಏನೋ ನೆನಪಾದ ಹಾಗೆ ತಟ್ಟನೆ ತಿರುಗಿ, ತಲೆ ಬಾಗಿಸಿ ಒಳಗಿಳಿದಳು. ಗೀಸರ್ ನೆನಪಾದ ನಾನೂ ಹೀಗೇ ಆಟೋದಿಂದ ಇಳಿಯುವುದು. ಹೊರಗೆ ಬರುತ್ತಾಳೆಂದು ಕಾದೆ. ಡ್ರೈವರ್ ಎರಡು ಸಲ ತಿರುಗಿ ನೋಡಿದ.

ಆಗ ಚಾವಣಿಯ ಪುಟ್ಟ ಹೊಗೆಕೊಳವೆಯಿಂದ ಬಿಳಿಯ ಹಬೆ ಎದ್ದಿತು. ಮೊದಲು ಸ್ವಲ್ಪ, ಆಮೇಲೆ ಧಾರಾಳವಾಗಿ. ನಲ್ಲಿಯನ್ನು ಪೂರ್ತಿ ತಿರುಗಿಸಿ, ಈ ಸಲ ತನಗೇ ಇನ್ನೊಂದು ಬಕೆಟ್ ಹಿಡಿಯುತ್ತಿದ್ದಳು.